ಆಣೆ ಮಾಡದ ಡಾಕ್ಟರ್

ನಕ್ಕರೆ ಬಲಪಕ್ಕೆಯಲ್ಲಿ ನೋವು. ಶುರುವಾಗಿದ್ದು ಹೀಗೆ. ಇಳಕಲ್ಲಿನ ನನ್ನ ಸೀರೆ ಅಂಗಡಿಯಲ್ಲಿ ನಗುವುದು, ನಗಿಸುವುದೇ ದಿನದ ಕೆಲಸ. ಹಿಂದಿನ ವರ್ಷ ಕರುಳಿನ ಆಪರೇಷನ್ ಆದಾಗಲೂ ನಗು ನಿಂತಿರಲಿಲ್ಲ. ಬಾಗಲಕೋಟೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಮುಂಬಯಿಗೆ ಹೋಗಿ ಎಂದರು. ಏನಾಗಿದೆ ಎಂದು ಕೇಳಿದರೆ, "ಸಣ್ಣ ಬಾವು".

ಅಂದಿನಿಂದ ಹೆಂಡತಿ ಗೌರವ್ವ ನನ್ನನ್ನು ಬೈಯಲಿಲ್ಲ.

ಮದುವೆಯಾದಾಗಿನಿಂದ ಬೈದವಳು. ಎಲ್ಲರೂ ಸೇರಿ ಏನೋ ಮುಚ್ಚಿಡುತ್ತಿದ್ದಾರೆ ಎಂದು ತಿಳಿಯಿತು. ಟೋಪಿ ಹಾಕುವುದರಲ್ಲಿ ಇಡೀ ಹುನಗುಂದ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ನನಗೇ ಹಾಕಲು ನೋಡುತ್ತಿದ್ದರು.

ಮುಂಬಯಿ ಆಸ್ಪತ್ರೆಯ ಡಾಕ್ಟರ್ ಧಾರವಾಡದ ಕಡೆಯವನು, ಹುಡುಗನಂತಿದ್ದ. ನೇರವಾಗಿ ಹೇಳಿದ. ಹಿಂದಿನ ವರ್ಷ ಕರುಳಿನಿಂದ ತೆಗೆದದ್ದು ಕ್ಯಾನ್ಸರ್, ಈಗ ಲಿವರ್‌ಗೆ ಹರಡಿದೆ. ತೊಡೆಯ ಸಂದಿಯ ರಕ್ತನಾಳದೊಳಗೆ ಸಣ್ಣ ಟ್ಯೂಬ್ ತೂರಿಸಿ, ಲಿವರ್‌ಗೇ ನೇರವಾಗಿ ಕೀಮೋಥೆರಪಿ ಔಷಧಿ ಬಿಡಬೇಕು.

"ಲಿವರ್ ಇಲ್ಲೈತಿ, ಚುಚ್ಚೂದು ಅಲ್ಲಿ?" ಎಂದೆ. "ಮನಿ ಇಳಕಲ್ಲಾಗ, ಬಾಗಲಾ ಬಾದಾಮ್ಯಾಗ ಅಂದಂಗಾತು."

"ಹಾದಿ ಹಂಗ ಐತ್ರಿ ಅಜ್ಜಾರ."

ನನ್ನ ಮೈಮೇಲೆ ಕೈ ಪಳಗಿಸಿಕೊಳ್ಳಲು ಹೊರಟಿದ್ದಾನೆ ಎನಿಸಿತು. ಊರಿಗೆ ಹೋಗುತ್ತೇನೆಂದು ಮಂಚದಿಂದ ಎದ್ದೆ. ಗೌರವ್ವ ಅಡ್ಡ ನಿಂತಳು.

"ಊರಿಗೆ ಹೋಗಿ ಏನ್ ಮಾಡಾವ್ರು? ಕೂತ ಸಾಯಾವ್ರೇನ್ರಿ?"

ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಡಾಕ್ಟರನ ಮುಂದೆ ಹಿಡಿದೆ. "ಇದನ್ನ ಮುಟ್ಟಿ ಆಣಿ ಮಾಡ್ರಿ, ನಾ ಉಳೀತೇನಿ ಅಂತ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. "ಮಾಡಂಗಿಲ್ರಿ. ಗಂಟು ಕರಗಬಹುದು, ಕರಗದನೂ ಇರಬಹುದು. ಟ್ಯೂಬ್ ಸರದ್ರ, ರಕ್ತ ಹೆಪ್ಪುಗಟ್ಟಿದ್ರ ಭಾಳ ತ್ರಾಸ ಆಕ್ಕೈತಿ. ಇದು ಹೊಸಾದು. ನಾ ಇನ್ನೂ ಭಾಳ ಮಂದಿಗೆ ಮಾಡಿಲ್ಲ."



ನಾನು ಮಂಚಕ್ಕೆ ಮರಳಿದೆ. ಯಾರಿಗೆ ಟೋಪಿ ಹಾಕಿದರೂ ನಾನು ಮೊದಲು ಆಣೆ ಮಾಡಿಯೇ ಹಾಕಿದವನು. ಈ ಬಸ್ಸು ಹೋಗುವುದಿಲ್ಲ ಎಂದು ಬನಶಂಕರಿಯ ಆಣೆ ಇಟ್ಟು, ಬಾದಾಮಿ ಸ್ಟ್ಯಾಂಡಿನಲ್ಲಿ ಜನರನ್ನೆಲ್ಲ ಇಳಿಸಿ ಕಿಟಕಿ ಸೀಟು ಹಿಡಿದಿದ್ದೇನೆ. ಟೋಪಿ ಹಾಕುವವನು ಆಣೆಗೆ ಹಿಂಜರಿಯುವುದಿಲ್ಲ. ಈ ಹುಡುಗ ಹಿಂಜರಿದ.

ಟ್ಯೂಬ್ ಹಾಕಿದರು. ಕಾಲು ಮಡಚುವಂತಿಲ್ಲ. ವಾಂತಿ. ಬಾಯಿತುಂಬ ಹುಣ್ಣು. ಗೌರವ್ವ ಚಮಚದಲ್ಲಿ ಗಂಜಿ ಕುಡಿಸಿದಳು. ಬಾಟಲಿ ಬದಲಿಸುವಾಗಲೆಲ್ಲ ಲೇಬಲ್ ತೋರಿಸೆಂದು ನರ್ಸಿಗೆ ಹೇಳಿ, ಬಾರದ ಇಂಗ್ಲಿಷನ್ನು ಓದಿದವನಂತೆ ತಲೆಯಾಡಿಸುತ್ತಿದ್ದೆ.

ಈಗ ಇಳಕಲ್ಲಿನಲ್ಲಿದ್ದೇನೆ. ಕೈಗೆ ಸಿಗುತ್ತಿದ್ದ ಗಂಟು ಸಣ್ಣದಾಗಿದೆ. ಮತ್ತೊಮ್ಮೆ ಮುಂಬಯಿಗೆ ಹೋಗಬೇಕು. ಪೂರ್ತಿ ಗುಣವಾಗುತ್ತದೆ ಎಂದು ಆ ಹುಡುಗ ಈವರೆಗೂ ಹೇಳಿಲ್ಲ.

ಹೇಳಿದ್ದರೆ ನಾನು ಮತ್ತೆ ಹೋಗುತ್ತಿರಲಿಲ್ಲ.