ಎಲ್‌ಕೆಜಿ ಪರೀಕ್ಷೆ ಬದಲಾದ ವರ್ಷ

ಎಂಬತ್ತರ ದಶಕದ ಕೊನೆಯಲ್ಲಿ, ಮಗಳ ಎಲ್‌ಕೆಜಿ ಪ್ರವೇಶ ಪರೀಕ್ಷೆಗೆ ಮೂರು ತಿಂಗಳಿರುವಾಗ, ಮಸ್ಕತ್ತಿನ ವಾದಿ ಕಬೀರ್‌ನಲ್ಲಿದ್ದ ನಮ್ಮ ಫ್ಲ್ಯಾಟಿನಲ್ಲಿ ತುಳು ಮಾತಾಡುವುದನ್ನು ನಿಷೇಧಿಸಲಾಯಿತು. ಮಗು ನೀರನ್ನೂ ಇಂಗ್ಲಿಷಿನಲ್ಲೇ ಕೇಳಬೇಕು, ಇಲ್ಲದಿದ್ದರೆ ಬಾಯಾರಿಕೆಯಲ್ಲೇ ಇರಬೇಕು.

ಪರೀಕ್ಷೆಯ ದಿನ ಟೀಚರ್ ನಗುತ್ತಾ, “ನಾನೂ ಮಂಗಳೂರಿನವಳೇ. ಈ ವರ್ಷದಿಂದ ಪದ್ಧತಿ ಬದಲಾಗಿದೆ, ಮಗು ಮನೆಭಾಷೆಯಲ್ಲಿ ಹಾಯಾಗಿ ಮಾತಾಡಿದರೆ ಸಾಕು” ಎಂದರು.

ಹೆಂಡತಿ ನನ್ನನ್ನು ತಿವಿದಳು. “ಎಂತ ನೋಡ್ತೀರಿ ಮಾರಾಯ್ರೆ, ಮಗಳಿಗೆ ಹೇಳಿ!”

ನಾನು ಬಗ್ಗಿ, “ಪಾತೆರ್ಲ ಮಗಾ” ಎಂದು, ಮಾತಾಡು ಅಂತ ತುಳುವಿನಲ್ಲೇ ಪುಸಲಾಯಿಸಿದೆ.

ಮಗಳು ಗಾಬರಿಯಿಂದ ನನ್ನ ಬಾಯಿ ಮುಚ್ಚಿದಳು. “ನೋ ತುಳು, ಪಪ್ಪಾ! ಮಮ್ಮಿ ವಿಲ್ ಬೀಟ್ ಯೂ!”

ಆಮೇಲೆ ಅವಳು ತುಟಿ ಬಿಚ್ಚಲೇ ಇಲ್ಲ. ಆಡಿದ ಅಷ್ಟು ಮಾತಿಗೇ ಇಂಗ್ಲಿಷ್ ಚೆನ್ನಾಗಿದೆಯೆಂದು ಟೀಚರ್ ಮೆಚ್ಚಿದರು. ಆ ವರ್ಷ ಸೀಟು ಸಿಗಲಿಲ್ಲ.