ಕೆಟ್ಟ ಹಾರ್ಡ್ ಡಿಸ್ಕಿನೊಳಗಿನ ಮೆರವಣಿಗೆ

“ಬಂದ್ ಮಾಡೋ ಅದನ್ನ! ಮಂದಿ ನೋಡಿದ್ರ ಏನಂದಾರು?” ಎಂದು ಅತ್ತೆ ನನ್ನ ಗಂಡನ ಮೇಲೆ ಕೂಗಿದಾಗ, ಕಂಪ್ಯೂಟರಿನ ಪರದೆಯ ಮೇಲೆ ಅವರೇ ಕುಣಿಯುತ್ತಿದ್ದರು.

ನಮ್ಮ ಮದುವೆಯ ಫೋಟೊ, ವಿಡಿಯೊಗಳಿದ್ದ ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಇಚಲಕರಂಜಿಯ ಮನೆಯಲ್ಲಿ ನನ್ನ ಗಂಡ ಬೆಳಗಿನಿಂದ ಯಾವುದೋ ಸಾಫ್ಟ್‌ವೇರ್ ಹಾಕಿ ಅಳಿದುಳಿದದ್ದನ್ನು ಹೊರತೆಗೆಯುತ್ತಿದ್ದರು. ಫೈಲುಗಳ ಹೆಸರೆಲ್ಲ ಅಳಿಸಿಹೋಗಿ, ಒಂದೊಂದನ್ನೂ ತೆರೆದೇ ನೋಡಬೇಕಿತ್ತು. ನನ್ನದೊಂದು ಫೋಟೊವೂ ಸಿಗಲಿಲ್ಲ. ಅರ್ಧ ಮುಖದ ಪುರೋಹಿತರು ಸಿಕ್ಕರು, ಹಸಿರು ಬಣ್ಣಕ್ಕೆ ತಿರುಗಿದ ಜಿಲೇಬಿ ಸಿಕ್ಕಿತು, ಕೊನೆಗೆ ಈ ಮೆರವಣಿಗೆಯ ವಿಡಿಯೊ.

ಗಂಡ ನಗುತ್ತ ಅದನ್ನು ನಿಲ್ಲಿಸಬೇಕು ಎನ್ನುವಷ್ಟರಲ್ಲಿ ಬ್ಯಾಂಡಿನವರ ನಡುವಿನಿಂದ ಮಾವ ಬಂದರು. ಈಗ ಅವರಿಲ್ಲ. ಇದ್ದಾಗಲೂ ಮನೆಯಲ್ಲಿ ಜೋರಾಗಿ ನಕ್ಕವರಲ್ಲ. ಅಂಥವರು ತಲೆಗೆ ಟವೆಲ್ ಸುತ್ತಿಕೊಂಡು ಅತ್ತೆಯ ಸುತ್ತ ಗಿರಕಿ ಹೊಡೆಯುತ್ತಿದ್ದರು!

ಅತ್ತೆ ಬಾಯಿಗೆ ಸೆರಗು ಒತ್ತಿ ನಕ್ಕರು, ಅದೇ ಸೆರಗಿನಿಂದ ಕಣ್ಣೊರೆಸಿಕೊಂಡರು. “ತಡಿ, ಬಂದ್ ಮಾಡಬ್ಯಾಡ. ಮತ್ತೊಮ್ಮಿ ಹಚ್ಚು” ಎಂದರು.

ನನ್ನ ಮದುವೆಯಲ್ಲಿ ನಾನಿದ್ದೆ ಎನ್ನುವುದಕ್ಕೆ ಈಗ ಸಾಕ್ಷಿಯಿಲ್ಲ. ಆ ವಿಡಿಯೊ ಮಾತ್ರ ಕಾಗಲದಿಂದ ಗಡಹಿಂಗ್ಲಜದವರೆಗೆ ನೆಂಟರೆಲ್ಲರ ಮೊಬೈಲಿನಲ್ಲಿದೆ. ಕಳಿಸಿದವರು ಅತ್ತೆಯೇ. ಜೊತೆಗೆ ಅವರದೇ ದನಿಯಲ್ಲಿ ಒಂದು ಮಾತು: “ಕುಣದವರು ಅವರು. ನಾ ಸುಮ್ನ ಬಾಜೂಕ ನಿಂತಿದ್ದೆ.”