ಮರಿಯಪ್ಪನವರ ಎರಡು ಬೆರಳಗಲದ ಪಟ್ಟಿ

ಕೂಟಗಲ್ಲಿನ ಮರಿಯಪ್ಪನವರು ದಬ್ಬಳ ಕೈಗೆತ್ತಿಕೊಂಡರೆ ರೆಕಾರ್ಡ್ ರೂಮಿನ ಜಿರಳೆಗಳು ಕೂಡ ಸಾಲಾಗಿ ಎದ್ದು ದಾರಿ ಬಿಡುತ್ತವೆ. ಮೂವತ್ತೊಂದು ವರ್ಷದಲ್ಲಿ ಅವರು ಕಡತಗಳಿಗೆ ಹೊಲಿದ ದಾರವನ್ನೆಲ್ಲ ಗಂಟು ಹಾಕಿದರೆ, ಚನ್ನಪಟ್ಟಣಕ್ಕೆ ಮೂರು ಸುತ್ತು ಹಾಕಿ, ಮಾಗಡಿ ಮೇಲೆ ಹಾದು, ದೆಹಲಿಯ ಸುಪ್ರೀಂ ಕೋರ್ಟಿನ ಕಂಬಕ್ಕೆ ಬಿಗಿದು, ಉಳಿದ ತುಂಡಿನಲ್ಲಿ ಒಂದು ಎಮ್ಮೆಯನ್ನೂ ಕಟ್ಟಬಹುದೆಂದು ಟೈಪಿಸ್ಟ್ ಲೋಕೇಶ್ ಲೆಕ್ಕ ಮಾಡಿದ್ದಾನೆ. ಎಮ್ಮೆಯ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಅನುಮಾನವಿದೆ.

ಮರಿಯಪ್ಪನವರು ನಮ್ಮ ಜಿಲ್ಲೆಯ ಒಂದು ಕೋರ್ಟಿನ ಅಟೆಂಡರು. ಯಾವ ಕೋರ್ಟೆಂದು ಹೇಳುವುದಿಲ್ಲ, ನಾನೂ ಅಲ್ಲೇ ಕೆಲಸದಲ್ಲಿದ್ದೇನೆ, ನನಗೂ ನೋಟಿಸು ಬರುವುದು ಬೇಡ. ಕೇಸು ಸೋತವರು ಮೇಲಿನ ಕೋರ್ಟಿಗೆ ಅಪೀಲು ಹೋದಾಗ, ಕೆಳಗಿನ ಕಡತವನ್ನು ಭದ್ರವಾಗಿ ಹೊಲಿದು ಕಳಿಸುವುದು ಅವರ ಕೆಲಸ. ಬೇರೆಯವರು ಹಳೆಯ ತೂತುಗಳಲ್ಲೇ ದಾರ ತೂರಿಸಿ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಮರಿಯಪ್ಪನವರು ಹಳೆಯ ಹೊಲಿಗೆಯನ್ನು ಪೂರ್ತಿ ಬಿಚ್ಚಿ, ಪ್ರತಿ ಹಾಳೆಯ ಎಡ ಅಂಚಿಗೆ ಎರಡು ಬೆರಳಗಲದ ಕಾಗದದ ಪಟ್ಟಿ ಅಂಟಿಸಿ, ಒಣಗಿಸಿ, ಆ ಪಟ್ಟಿಯ ಮೇಲೆ ಹೊಲಿಯುತ್ತಾರೆ. ಇದಕ್ಕೆ ಎರಡು ದಿನ ಬೇಕು.

"ಏನಣ್ಣ, ಕಡತಕ್ಕೂ ಸೀರೆ ಹಂಗೆ ಫಾಲ್ಸ್ ಹಾಕ್ತೀಯಾ?" ಎಂದು ಲೋಕೇಶ್ ಕೆಣಕುತ್ತಿದ್ದ.

ಮರಿಯಪ್ಪನವರು ಮಾತಾಡುತ್ತಿರಲಿಲ್ಲ. ಬಾಯಲ್ಲಿ ದಾರ ಕಚ್ಚಿಕೊಂಡವರು ಮಾತಾಡುವುದು ಹೇಗೆ? ಆ ಮೌನವನ್ನು ನಾವು ತಪಸ್ಸೆಂದು ತಿಳಿದೆವು. ಹೊಲಿಗೆಯಡಿ ಒಂದಕ್ಷರವೂ ಸಾಯಬಾರದೆಂಬ ವ್ರತ ಅವರದು ಎಂದು ನಾವೇ ತೀರ್ಮಾನಿಸಿ, ನಾವೇ ಊರಿಗೆಲ್ಲ ಹೇಳಿಬಿಟ್ಟೆವು.

ಅಕ್ಷರಕ್ಕೆ ಅಷ್ಟು ಬೆಲೆ ಏಕೆಂದು ಕೇಳಬಹುದು. ಅಪೀಲು ಕೋರ್ಟೆಂಬುದು ವಿಚಿತ್ರ ಜಾಗ. ಅಲ್ಲಿ ಸಾಮಾನ್ಯವಾಗಿ ಸಾಕ್ಷಿ ಕಟ್ಟೆ ಹತ್ತುವವರಿಲ್ಲ, ಹೊಲ ನೋಡಲು ಹೊರಡುವವರೂ ಇಲ್ಲ. ಕೆಳಗೆ ಬರೆದದ್ದಷ್ಟೇ ಮೇಲೆ ಕಾಣುವುದು. ಮೈಸೂರು ಸಂಸ್ಥಾನಕ್ಕೆ 1884ರಲ್ಲಿ ಚೀಫ್ ಕೋರ್ಟು ಬಂತು, 1930ರಲ್ಲಿ ಅದೇ ಹೈಕೋರ್ಟಾಯಿತು. ಅಮೆರಿಕದಲ್ಲಿ ಮೊದಲು ಸುಪ್ರೀಂ ಕೋರ್ಟಿನ ನ್ಯಾಯಾಧೀಶರೇ ಕುದುರೆ, ಸಾರೋಟು ಹತ್ತಿ ಊರೂರು ಸುತ್ತಬೇಕಿತ್ತು. ಸುತ್ತಿ ಸುತ್ತಿ ಸೊಂಟ ಹೋದ ಮೇಲೆ, 1891ರಲ್ಲಿ, ಫೆಡರಲ್ ಅಪೀಲು ಕೋರ್ಟುಗಳೆಂದು ಬೇರೆಯಾಗಿ ಮಾಡಿದರು. ಅಲ್ಲಿ ಈಗಲೂ ಸಾಮಾನ್ಯವಾಗಿ ಮೂವರು ಕೂತು ಕೆಳಗಿನ ಕಡತವನ್ನೇ ಓದುತ್ತಾರೆ. ಎಷ್ಟೇ ಓದಿದವರಾದರೂ ಒಬ್ಬರ ಕಣ್ಣಿಗೆ ಏನಾದರೂ ತಪ್ಪಿ ಹೋಗಬಹುದೆಂದು ಒಪ್ಪಿಕೊಂಡೇ ಎಲ್ಲ ಕಡೆಯೂ ಈ ಕೋರ್ಟುಗಳನ್ನು ಕಟ್ಟಿದ್ದಾರೆ. ದೊಡ್ಡ ಕಟ್ಟಡಗಳಲ್ಲಿ ಇಂಥ ವಿನಯ ಅಪರೂಪ.

ದೊಡ್ಡಲಕ್ಷ್ಮಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಆಕೆಗಿದ್ದದ್ದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಅದಕ್ಕೆ ಹೋಗಲು ಪಡುವಣ ಬದುವಿನ ಪಕ್ಕ ಒಂದು ಬಂಡಿ ದಾರಿ. ಪಕ್ಕದ ಜಮೀನಿನ ಮಹೇಂದ್ರ ಆ ದಾರಿಗೆ ಬೇಲಿ ಹಾಕಿದ. ಅಂದಿನಿಂದ ಆಕೆ ಸೊಪ್ಪಿನ ಹೊರೆ ಹೊತ್ತು ಕೆರೆ ಏರಿ ಬಳಸಿ ಬರಬೇಕಾಯಿತು. ಮನೆ ಮುಟ್ಟುವ ಹೊತ್ತಿಗೆ ಸೊಪ್ಪು ಬಾಡುತ್ತಿತ್ತು, ಬಾಡಿದ ಸೊಪ್ಪನ್ನು ರೇಷ್ಮೆಹುಳ ಮೂಸುತ್ತಿರಲಿಲ್ಲ. ದಾರಿ ಹೋದರೆ ಹುಳ ಸಾಕುವುದೂ ಹೋಯಿತು, ಅಷ್ಟೇ.

ಆಕೆ ದಾವೆ ಹೂಡಿದಳು. ಸ್ಥಳ ನೋಡಿ ಬರಲು ಕೋರ್ಟು ಒಬ್ಬ ವಕೀಲರನ್ನು ಕಮಿಷನರಾಗಿ ಕಳಿಸಿತು. ಅವರು ನೋಡಿ, ವರದಿಯಲ್ಲಿ "ವಿವರಕ್ಕೆ ನಕ್ಷೆ ನೋಡಿ" ಎಂದಷ್ಟೇ ಬರೆದು, ಕೈಯಲ್ಲಿ ನಕ್ಷೆ ಹಾಕಿ ಕೊಟ್ಟು, ಆ ವರ್ಷವೇ ತೀರಿಕೊಂಡರು. ಕಡತದಲ್ಲಿದ್ದ ನಕ್ಷೆಯಲ್ಲಿ ತೋಟವಿತ್ತು, ಬಾವಿಯಿತ್ತು, ಒಂದು ಹುಣಸೆಮರವೂ ಇತ್ತು. ದಾರಿ ಇರಲಿಲ್ಲ. ಆಕೆ ಸೋತಳು. ಮೊದಲ ಅಪೀಲು ನಮ್ಮ ಕೋರ್ಟಿನಲ್ಲೇ, ಕೆಳಗಿನವರು ಹೊಲಿದು ಕಳಿಸಿದ ಕಡತದ ಮೇಲೇ ನಡೆಯಿತು, ಅಲ್ಲೂ ಸೋತಳು. "ಒಂದ್ ಸಲ ಬಂದು ನೋಡಿ ಸ್ವಾಮಿ, ನನ್ ಕಾಲಿಗೆ ಗೊತ್ತೈತೆ ದಾರಿ" ಎಂದು ಅಂಗಲಾಚಿದಳು. ಕಾಲಿನ ಸಾಕ್ಷಿಯನ್ನು ಕಡತಕ್ಕೆ ಹೊಲಿಯಲು ಬರುವುದಿಲ್ಲ.

ಕೊನೆಗೆ ಕೇಸು ಹೈಕೋರ್ಟಿಗೆ ಹೋಯಿತು. ಕಡತ ಕಳಿಸಿ ಎಂಬ ಪತ್ರ ಬಂತು. ಮರಿಯಪ್ಪನವರು ಎಂದಿನಂತೆ ಎರಡು ದಿನ ತೆಗೆದುಕೊಂಡರು. ಶಿರಸ್ತೇದಾರ್ ವಹಾಬ್ ಎಂದಿನಂತೆ ಬೈದರು.

ಬೆಂಗಳೂರಿನಲ್ಲಿ ದೊಡ್ಡಲಕ್ಷ್ಮಮ್ಮನ ಹೊಸ ವಕೀಲೆ ನಯನಾ ಮೂಲ ಕಡತ ತಿರುವುತ್ತ ನಕ್ಷೆಯ ಹತ್ತಿರ ನಿಂತುಬಿಟ್ಟರು. ತಮ್ಮ ಜೆರಾಕ್ಸ್ ನಕಲಿನಲ್ಲಿ ಬರೀ ಕಪ್ಪು ನೆರಳಿದ್ದ ಎಡ ಅಂಚಿನಲ್ಲಿ, ಅಂದರೆ ಪಡುವಣ ಬದಿಯಲ್ಲಿ, ಇಲ್ಲಿ ಎರಡು ಸಮ ಗೆರೆಗಳು ಮೇಲಿಂದ ಕೆಳಗಿನವರೆಗೂ ಇಳಿದಿದ್ದವು. ನಡುವೆ ಸಣ್ಣ ಅಕ್ಷರದಲ್ಲಿ "ಬಂಡಿ ದಾರಿ" ಎಂದಿತ್ತು. ಇಷ್ಟು ವರ್ಷವೂ ಅದು ಹೊಲಿಗೆಯ ಮಡಿಕೆಯೊಳಗೆ ಮಲಗಿತ್ತು, ಹೊಲಿಗೆ ಪಟ್ಟಿಗೆ ಸರಿದ ಮೇಲೆ ಹೊರಬಂದಿತ್ತು.

ಈ ಗೆರೆ ಈಚೆಗೆ ಯಾರೋ ಎಳೆದದ್ದು ಎಂದು ಮಹೇಂದ್ರನ ವಕೀಲರು ವಾದಿಸಿದರು. ಕಡತ ಬಿಚ್ಚಿದವರು ಯಾರೆಂದು ಹೈಕೋರ್ಟಿನಿಂದ ವಿವರಣೆ ಕೇಳಿ ನಮ್ಮ ಆಫೀಸಿಗೆ ಪತ್ರ ಬಂತು. ಮರಿಯಪ್ಪನವರ ನಿವೃತ್ತಿಗೆ ಇನ್ನು ಏಳೇ ತಿಂಗಳು. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ವಹಾಬ್ ಬರೆದು ಕಳಿಸಿದರು. ಆದರೆ ಮರಿಯಪ್ಪನವರನ್ನು ಉಳಿಸಿದ್ದು ತೂತುಗಳು. ಹಳೆಯ ದಬ್ಬಳದ ತೂತುಗಳು ಆ ಗೆರೆಯ ಮೇಲೇ ಬಿದ್ದಿದ್ದವು, ಶಾಯಿ ತೂತಿನ ಅಂಚಿನವರೆಗೆ ಬಂದು ಅಲ್ಲೇ ತುಂಡಾಗಿತ್ತು, ಆಮೇಲೆ ಎಳೆದಿದ್ದರೆ ತೂತಿನೊಳಗೂ ಹರಡಿರುತ್ತಿತ್ತು. ಗೆರೆ ಮೊದಲು, ತೂತು ಆಮೇಲೆ.

ಹೈಕೋರ್ಟು ದಾರಿ ಕೊಡಲಿಲ್ಲ. ಕಡತದಲ್ಲಿರುವ ಈ ನಕ್ಷೆಯನ್ನು ಸರಿಯಾಗಿ ನೋಡಿ ಇನ್ನೊಮ್ಮೆ ತೀರ್ಮಾನಿಸಿ ಎಂದು ಕೇಸನ್ನು ಕೆಳಗೆ ಕಳಿಸಿತು. ಕೆಳಗೆ ಈ ಸಲ ನೋಡಿದರು. ಬೇಲಿ ಹೋಯಿತು.

ಮುಂದಿನ ವಾರ ದೊಡ್ಡಲಕ್ಷ್ಮಮ್ಮ ಒಂದು ಚೀಲ ಅವರೆಕಾಯಿ ಹೊತ್ತು ರೆಕಾರ್ಡ್ ರೂಮಿಗೆ ಬಂದಳು. ಕೋರ್ಟಿನ ಕೆಲಸಕ್ಕೆ ಅವರೆಕಾಯಿ ತಗೊಳ್ಳಂಗಿಲ್ಲ ಎಂದು ಮರಿಯಪ್ಪನವರು ಚೀಲವನ್ನು ಹಿಂದಕ್ಕೆ ತಳ್ಳಿ, ಮತ್ತೆ ದಾರ ಕಚ್ಚಿಕೊಂಡು ಹೊಲಿಗೆಗೆ ಕೂತರು. ವಹಾಬ್ ಎದ್ದು ನಿಂತು, ಯಾವ ನ್ಯಾಯಾಧೀಶರಿಗೂ ಕಾಣದ್ದನ್ನು ಕಂಡ ಕಣ್ಣುಗಳ ಬಗ್ಗೆ ಒಂದು ಭಾಷಣವನ್ನೇ ಮಾಡಿದರು. ಲೋಕೇಶನ ಕಣ್ಣಲ್ಲೂ ನೀರಿತ್ತು.

"ನನ್ ದಾರೀನ ನೀನೊಬ್ಬನೇ ಕಂಡಿದ್ದು ಕಣಪ್ಪ," ಎಂದಳು ದೊಡ್ಡಲಕ್ಷ್ಮಮ್ಮ.

ಮರಿಯಪ್ಪನವರು ಬಾಯಿಂದ ದಾರ ತೆಗೆದರು.

"ದಾರಿ ಗೀರಿ ನಾನೇನೂ ನೋಡ್ಲಿಲ್ಲ ಕಣವ್ವ. ಹಳೇ ತೂತು ಅಗಲ ಆಗ್ಬುಟ್ಟಿರ್ತವೆ, ದಾರ ನಿಲ್ಲಾಕಿಲ್ಲ. ಅದ್ಕೆ ಪಟ್ಟಿ ಅಂಟಿಸ್ತೀನಿ."